ಇಲಿ, ಚೇಳು ಮತ್ತು ಏಪ್ರನ್ ತೊಟ್ಟ ರೌಡಿ

‘ಓದೋಕೆ ಏನಾದ್ರೂ ಒಳ್ಳೇದು ಹೇಳ್ರೀ’ ಎಂದು ಯಾರಾದರೂ ಕೇಳಿದರೆ ಬುದ್ಧಿ ಇದ್ದವರು ತೇಜಸ್ವಿಯವರ ಹೆಸರನ್ನೋ ಭೈರಪ್ಪನವರ ಹೆಸರನ್ನೋ ಹೇಳಿ ಮನೆ ಸೇರಿಕೊಳ್ಳುತ್ತಾರೆ. ಕೇಳಿದವರಿಗೂ ಅಷ್ಟೇ ಬೇಕಿರುತ್ತದೆ. ಅವರು ಹೇಗೂ ಓದುವುದಿಲ್ಲ. ನನಗೆ ಆ ಬುದ್ಧಿ ಇಲ್ಲ. ನಾನು ‘ಗ್ರಾಫಿಕ್ ಕಾದಂಬರಿ ಓದಿ’ ಎನ್ನುತ್ತೇನೆ. ‘ಹಾಗಂದ್ರೆ?’ ಎನ್ನುತ್ತಾರೆ. ‘ಕಾಮಿಕ್ಸೇ, ಆದರೆ ದೊಡ್ಡವರಿಗೆ’ ಎನ್ನುತ್ತೇನೆ. ‘ದೊಡ್ಡವರಿಗೆ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಎದುರಿಗಿದ್ದವರು ಅತ್ತಿತ್ತ ನೋಡಿ, ದನಿ ತಗ್ಗಿಸಿ, ‘ಈ ವಯಸ್ಸಿನಲ್ಲಿ ಅದೆಲ್ಲ ಯಾಕ್ರೀ ನಿಮಗೆ?’ ಎಂದು ಕೇಳುತ್ತಾರೆ.

ಅಲ್ಲಿಗಾದರೂ ಸುಮ್ಮನಾಗಬಹುದಿತ್ತು. ಆದರೆ ಮೈಸೂರಿನ ನಮ್ಮ ಬಡಾವಣೆಯಲ್ಲಿ ಒಂದು ಓದುಗರ ಬಳಗವಿದೆ. ತಿಂಗಳಿಗೊಮ್ಮೆ ಗಣಪತಿ ದೇವಸ್ಥಾನದ ಸಭಾಂಗಣದಲ್ಲಿ ಸೇರುತ್ತೇವೆ. ಒಬ್ಬರು ಪುಸ್ತಕದ ಬಗ್ಗೆ ಮಾತನಾಡುತ್ತಾರೆ, ಉಳಿದವರು ಉಪ್ಪಿಟ್ಟು ಬರುವುದನ್ನು ಕಾಯುತ್ತಾರೆ. ಒಂದು ಸಲ ಮಾತನಾಡಬೇಕಾದವರಿಗೆ ಮೊಣಕಾಲು ನೋವು ಬಂದು, ಕಾರ್ಯದರ್ಶಿಗಳು ನನ್ನನ್ನು ಹಿಡಿದರು. ‘ಇತ್ತೀಚೆಗೆ ಓದಿದ್ದು ಏನಾದ್ರೂ ಹೇಳಿ, ಹತ್ತು ನಿಮಿಷ ಸಾಕು’ ಎಂದರು. ಹತ್ತು ನಿಮಿಷದಲ್ಲಿ ನಿಲ್ಲಿಸುವ ಮನುಷ್ಯನಾಗಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಮೊದಲಿಗೆ ಕನ್ನಡದ ಅಸ್ತ್ರ ಬಿಟ್ಟೆ. ‘ಅಮರ ಚಿತ್ರ ಕಥೆಯ ಅನಂತ ಪೈ ನಮ್ಮ ಕಾರ್ಕಳದವರು. ಆ ಮಾಲೆಯ ಇಂಗ್ಲಿಷ್ ‘ಕೃಷ್ಣ’ವೇ ಮೊದಲನೆಯದು ಅಂತ ಎಲ್ಲರೂ ಹೇಳ್ತಾರೆ. ಆದರೆ ಅದರ ಮೇಲೆ 11 ಅಂತ ಸಂಖ್ಯೆ ಯಾಕಿದೆ ಗೊತ್ತೇ? ಮೊದಲ 10 ಬಂದದ್ದು ಕನ್ನಡದಲ್ಲಿ! 1965ರ ಹೊತ್ತಿಗೇ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರು ಸಿಂಡ್ರೆಲಾಳಂಥವರ ಕೈಯಲ್ಲಿ ಕನ್ನಡ ಮಾತಾಡಿಸೋ ಯೋಚನೆ ಕೊಟ್ಟಿದ್ದರು!’ ಚಪ್ಪಾಳೆಯೋ ಚಪ್ಪಾಳೆ. ಆ ಚಪ್ಪಾಳೆಗೆ ಕೈಮುಗಿದು ಕೂತಿದ್ದರೆ ಉಪ್ಪಿಟ್ಟು ಬಿಸಿಯಾಗಿರುತ್ತಿತ್ತು.

ಬದಲಿಗೆ ಬಹುಮಾನಗಳ ಪಟ್ಟಿ ತೆಗೆದೆ. ‘1992ರಲ್ಲಿ ಆರ್ಟ್ ಸ್ಪೀಗಲ್‌ಮನ್ನರ ‘ಮೌಸ್’ಗೆ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. 2018ರಲ್ಲಿ ನಿಕ್ ಡ್ರ್ನಾಸೋ ಬರೆದ ‘ಸಬ್ರಿನಾ’ ಬುಕರ್‌ನ ಮೊದಲ ಸುತ್ತಿನ ಪಟ್ಟಿಗೆ ಏರಿತು. ಅಲ್ಲಿಗೆ ಹೋದ ಮೊದಲ ಗ್ರಾಫಿಕ್ ಕಾದಂಬರಿ ಅದು. 2020ರಲ್ಲಿ ಜೆರ್ರಿ ಕ್ರಾಫ್ಟರ ‘ನ್ಯೂ ಕಿಡ್’ಗೆ ಅಮೆರಿಕದ ಮಕ್ಕಳ ಸಾಹಿತ್ಯದ ನ್ಯೂಬೆರಿ ಪದಕ. 2025ರಲ್ಲಿ ಟೆಸ್ಸಾ ಹಲ್ಸ್ ತನ್ನ ಚೀನೀ ಅಜ್ಜಿ, ಅಮ್ಮ ಮತ್ತು ತನ್ನ ಕಥೆಯನ್ನು ಚಿತ್ರಿಸಿದ ‘ಫೀಡಿಂಗ್ ಗೋಸ್ಟ್ಸ್’ಗೆ ಆತ್ಮಕಥನದ ಪುಲಿಟ್ಜರ್...’

ಬ್ಯಾಂಕಿನಿಂದ ನಿವೃತ್ತರಾದ ರಾಯರು ಕೈ ಎತ್ತಿದರು. ‘ಸ್ವಾಮಿ, ಇಷ್ಟೊಂದು ಬಹುಮಾನ ಬಂದಿದೆ ಅಂದ್ಮೇಲೆ ನಮಗೆ ಅರ್ಥ ಆಗೋದಿಲ್ಲ ಬಿಡಿ.’

ಸಭೆ ಇದನ್ನು ತೀರ್ಮಾನ ಎಂದೇ ತೆಗೆದುಕೊಂಡಿತು. ನಾನು ಮಾತ್ರ ಸವಾಲು ಎಂದು ತೆಗೆದುಕೊಂಡೆ. ಕೊಂಡು ಓದಿ ಎಂದರೆ ಯಾರೂ ಓದರು, ಬಿಟ್ಟಿ ಕೊಟ್ಟರೆ ಇಟ್ಟುಕೊಂಡಾದರೂ ಇರುತ್ತಾರೆ ಎಂಬುದು ಬಳಗದ ಅನುಭವ. ಹಾಗಾಗಿ ಮರುದಿನ ನನ್ನ ಕಪಾಟು ಖಾಲಿ ಮಾಡಿಕೊಂಡು, ಗಂಡು ಹೆಣ್ಣಿನ ಜಾತಕ ಕೂಡಿಸುವ ಜೋಯಿಸರಂತೆ ಯಾರಿಗೆ ಯಾವ ಪುಸ್ತಕ ಎಂದು ಗುಣ ಎಣಿಸಿ, ಚೀಲ ಹೊತ್ತು ಮನೆಮನೆಗೆ ಹೊರಟೆ.

ಮೊದಲು ರಾಯರೇ. ಹೊಸದರ ರುಚಿ ಹತ್ತಬೇಕಾದರೆ ಬುಡದಿಂದ ಶುರುಮಾಡಬೇಕು ಎಂಬ ನನ್ನ ಸಿದ್ಧಾಂತದಂತೆ ಅವರಿಗೆ ‘ಮೌಸ್’ ಕೊಟ್ಟೆ. ಅವರು ರಕ್ಷಾಪುಟದ ಮೇಲಿನ ಇಲಿಗಳನ್ನು ನೋಡಿ ಮುಖ ಅರಳಿಸಿದರು. ‘ಏನ್ರೀ, ನಮ್ಮ ಬಾಲಮಂಗಳದ ಡಿಂಗ ಅಲ್ವೇನ್ರೀ! ನನ್ನ ಮಗಳು ಇದಕ್ಕೆ ಪ್ರಾಣ ಬಿಡ್ತಿದ್ಲು.’ ಯೆಹೂದಿಗಳನ್ನು ಇಲಿಗಳನ್ನಾಗಿ, ನಾಜಿಗಳನ್ನು ಬೆಕ್ಕುಗಳನ್ನಾಗಿ ಬರೆದು, ಆಶ್‌ವಿಟ್ಸ್‌ನಿಂದ ಬದುಕಿ ಬಂದ ತನ್ನ ತಂದೆಯ ಕಥೆಯನ್ನು ಮಗ ಹೇಳುವ ಪುಸ್ತಕ ಅದು ಎಂದು ನಾನು ವಿವರಿಸುವಷ್ಟರಲ್ಲಿ ಕುಕ್ಕರ್ ಕೂಗಿತು. ರಾಯರು ಒಳಗೆ ಓಡಿದರು. ಅವರ ಮೊಮ್ಮಗನ ಹುಟ್ಟುಹಬ್ಬ ಹತ್ತಿರವಿತ್ತು. ಡಿಂಗ ಉಡುಗೊರೆ ಕಾಗದದೊಳಗೆ ಹೋಗಿ ಕೂತಿತು.

ದೇವರು ದೊಡ್ಡವನು. ರಾಯರ ಹೆಂಡತಿಗೆ ಯಾವ ಉಡುಗೊರೆ ಕೊಡುವ ಮೊದಲೂ ಬೆಲೆಯ ಚೀಟಿ ಕಿತ್ತಿದೆಯೇ ಎಂದು ನೋಡುವ ಅಭ್ಯಾಸ. ಕಾಗದ ಬಿಚ್ಚಿದರು, ಪುಟ ತಿರುವಿದರು, ನಿಂತಲ್ಲೇ ಕೂತರು. ಅಂದು ಆ ಮನೆಯಲ್ಲಿ ರಾತ್ರಿ ಊಟಕ್ಕೆ ಬೆಳಗಿನ ಚಿತ್ರಾನ್ನವೇ ಆಯಿತಂತೆ. ಹುಡುಗನಿಗೆ ಕೊನೆಗಳಿಗೆಯಲ್ಲಿ ಕ್ರಿಕೆಟ್ ಬ್ಯಾಟು ಬಂತು. ಗಂಡ ಹೆಂಡತಿ ಇಬ್ಬರೂ ಸರದಿಯ ಮೇಲೆ ಪುಸ್ತಕ ಓದಿ ಮುಗಿಸಿದರು.

ಗೆದ್ದೆ ಎಂದುಕೊಂಡು ಅಭಿಪ್ರಾಯ ಕೇಳಲು ಹೋದರೆ ರಾಯರು ಅಂಗಳದಲ್ಲಿ, ಮೈತುಂಬ ಧೂಳು, ಅಟ್ಟದ ಸಾಮಾನಿನ ನಡುವೆ ಕೂತಿದ್ದಾರೆ. ಸುತಳಿ ದಾರದ ಉಂಡೆಗಳು, ತೊಳೆದು ಒಣಗಿಸಿದ ಹಾಲಿನ ಕವರುಗಳು, ಕೆಟ್ಟ ಟಾರ್ಚುಗಳು, ಯಾರ್ಯಾರದೋ ಮದುವೆ ಕಾಗದಗಳು. ವಿಷಯ ಇಷ್ಟೇ. ‘ಮೌಸ್’ನ ಮುದುಕ ವ್ಲಾಡೆಕ್ ಬೀದಿಯಲ್ಲಿ ಬಿದ್ದ ಟೆಲಿಫೋನ್ ತಂತಿಯ ತುಂಡನ್ನೂ ಬಿಡದೆ ಎತ್ತಿಟ್ಟುಕೊಳ್ಳುತ್ತಾನೆ, ತಿಂದು ಉಳಿದ ಡಬ್ಬಗಳನ್ನು ಅಂಗಡಿಗೆ ಒಯ್ದು ವಾಪಸು ಕೊಡುತ್ತಾನೆ, ಮಾತ್ರೆಗಳನ್ನು ಎಣಿಸುತ್ತ ಕೂರುತ್ತಾನೆ. ಸ್ಪೀಗಲ್‌ಮನ್ ತನ್ನ ತಂದೆಯನ್ನು ಹುತಾತ್ಮನ ಪೀಠದ ಮೇಲೆ ಕೂರಿಸಲಿಲ್ಲ. ಸಹಿಸಲಾಗದ ಜಿಪುಣನನ್ನಾಗಿಯೂ ಬರೆದ. ಆ ಪುಸ್ತಕದ ದೊಡ್ಡಸ್ತಿಕೆಯೇ ಅದು. ರಾಯರ ಹೆಂಡತಿ ಆ ದೊಡ್ಡಸ್ತಿಕೆಯನ್ನು ಸರಿಯಾಗಿಯೇ ಗ್ರಹಿಸಿದ್ದರು.

‘ಅವನು ಸಾವಿನ ಕ್ಯಾಂಪಿಂದ ಬಂದೋನು ಕಣೇ, ಅದಕ್ಕೇ ಹಾಗೆ’ ಎಂದು ರಾಯರು ವಾದಿಸಿದ್ದರಂತೆ.

‘ಅವನು ಸರಿ. ನೀವು ಯಾವ ಕ್ಯಾಂಪಿಂದ ಬಂದ್ರಿ? ತಿಪಟೂರಿಂದ ತಾನೇ?’

ಅವತ್ತಿನಿಂದ ರಾಯರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಅವರ ಶ್ರೀಮತಿಯವರು ಮಾತ್ರ ‘ಇನ್ನೊಂದು ಇದೆಯಾ ಅಣ್ಣಾ, ಇದೇ ಥರದ್ದು?’ ಎಂದು ಕೇಳಿ ಕಳಿಸುತ್ತಾರೆ.

ಎರಡನೆಯವರು ನಿವೃತ್ತ ಕನ್ನಡ ಮೇಷ್ಟ್ರು. ಇಂಗ್ಲಿಷ್ ಪುಸ್ತಕ ಮುಟ್ಟುವುದಿಲ್ಲ ಎಂದು ಶಪಥ ಮಾಡಿದವರು. ಅದಕ್ಕೂ ನನ್ನ ಚೀಲದಲ್ಲಿ ಮದ್ದಿತ್ತು. ಅಪ್ಪುಪೆನ್ ಎಂಬ ಹೆಸರಿನಲ್ಲಿ ಬರೆಯುವ ಜಾರ್ಜ್ ಮಾಥೆನ್ ಬೆಂಗಳೂರಿನಲ್ಲಿ ನೆಲೆಸಿರುವ ಚಿತ್ರಗಾರ. ಹಾಲಾಹಲ ಎಂಬ ತಮ್ಮದೇ ಒಂದು ಲೋಕವನ್ನು ಕಟ್ಟಿ ಪುಸ್ತಕದ ಮೇಲೆ ಪುಸ್ತಕ ತರುತ್ತಿದ್ದಾರೆ. 2013ರ ‘ಲೆಜೆಂಡ್ಸ್ ಆಫ್ ಹಾಲಾಹಲ’ದಲ್ಲಿ ಕಥೆಗಳೆಲ್ಲ ಚಿತ್ರದಲ್ಲೇ ನಡೆಯುತ್ತವೆ, ಯಾರೂ ಬಾಯಿ ಬಿಡುವುದಿಲ್ಲ. ‘ಮೇಷ್ಟ್ರೇ, ಇದರಲ್ಲಿ ಇಂಗ್ಲಿಷ್ ಕಾಟ ಇಲ್ಲ. ಮಾತೇ ಇಲ್ಲ!’ ಎಂದು ಕೊಟ್ಟು ಬಂದೆ.

ಪುಸ್ತಕ ವಾಪಸು ಬಂದಾಗ ಮೇಷ್ಟ್ರ ಮುಖದಲ್ಲಿ ಒಂದು ಧನ್ಯತೆ. ‘ಅಚ್ಚಿನ ಮನೆಯವರು ಮಾತುಗಳನ್ನೇ ಬಿಟ್ಟುಬಿಟ್ಟಿದ್ದಾರೆ. ಪಾಪ, ನೀವು ಸಂಕೋಚಕ್ಕೆ ಹಾಗಂದಿರಿ. ಚಿಂತೆ ಬೇಡ, ತುಂಬಿಸಿ ಕೊಟ್ಟಿದ್ದೇನೆ’ ಎಂದರು. ತೆರೆದು ನೋಡಿದೆ. ಪುಟಪುಟದಲ್ಲೂ, ಚೌಕಚೌಕದಲ್ಲೂ, ದುಂಡನೆಯ ಅಕ್ಷರದಲ್ಲಿ, ಪೆನ್ಸಿಲಿನಲ್ಲಿ, ಸಂಭಾಷಣೆ. ವಿಚಿತ್ರ ಜೀವಿಯೊಂದು ಕೈ ಎತ್ತಿ ನಿಂತ ಕಡೆ: ‘ಎಲೈ ದುರುಳನೇ, ನಿಲ್ಲು! ನಿನ್ನ ಅಂತ್ಯಕಾಲ ಸಮೀಪಿಸಿತು.’ ಅದರ ಎದುರು ನಿಂತ ಪಾತ್ರ: ‘ಸ್ವಾಮೀ, ಈ ಬಡಪಾಯಿಯ ಮೇಲೆ ಇಂತಹ ಮುನಿಸೇಕೆ?’ ಒಂದೆಡೆ ಸಂಧಿ ತಪ್ಪಿತೆಂದು ಅವರೇ ಬರೆದದ್ದನ್ನು ಅವರೇ ಕೆಂಪು ಶಾಯಿಯಲ್ಲಿ ತಿದ್ದಿಕೊಂಡಿದ್ದರು. ಚಿತ್ರಗಳು ಓದುಗನನ್ನು ಕಥೆಗಾರನನ್ನಾಗಿ ಮಾಡುತ್ತವೆ ಎಂದು ಸಭೆಯಲ್ಲಿ ನಾನೇ ಹೇಳಿದ್ದೆ. ತಕರಾರು ತೆಗೆಯುವ ಬಾಯಿ ನನಗಿರಲಿಲ್ಲ. ಈಗ ಆ ಪ್ರತಿಗೆ ಬಡಾವಣೆಯಲ್ಲಿ ಭಾರೀ ಬೇಡಿಕೆ. ಅಪ್ಪುಪೆನ್ ಅವರ ಕನ್ನಡ ಎಷ್ಟು ಸೊಗಸು ಎಂದು ಒಬ್ಬರು ಹೊಗಳಿದರು.

ಮೂರನೆಯದು ನನ್ನ ಅಕ್ಕನ ಮಗ. ಎಂಜಿನಿಯರಿಂಗ್ ಮುಗಿಸಿ ಕೆನಡಾ, ಕೆನಡಾ ಎಂದು ಜಪಿಸುತ್ತಿದ್ದ. ಅವನ ಕಣ್ಣು ತೆರೆಸಲೆಂದೇ ಕೇಟ್ ಬೀಟನ್ನರ ‘ಡಕ್ಸ್’ ಕೊಟ್ಟೆ. 2022ರ ಪುಸ್ತಕ. ಕೆನಡಾದ ಪೂರ್ವದ ತುದಿಯ ಕೇಪ್ ಬ್ರೆಟನ್ ಎಂಬ ಬಡ ದ್ವೀಪದ ಹುಡುಗಿ, ಓದಿನ ಸಾಲ ತೀರಿಸಲು ಪಶ್ಚಿಮದ ಆಲ್ಬರ್ಟಾದ ತೈಲಮರಳಿನ ಗಣಿಗಳಿಗೆ ಕೂಲಿ ಹುಡುಕಿ ಹೋಗುತ್ತಾಳೆ. ಗಂಡಸರೇ ತುಂಬಿದ ಶಿಬಿರ, ಮೂಳೆ ಕೊರೆಯುವ ಚಳಿ, ಹಗಲು ರಾತ್ರಿ ಹೆಣ್ಣಿನ ಮೇಲೆ ನೆಟ್ಟ ಕಣ್ಣು, ಅದಕ್ಕೂ ಮೀರಿದ ಗಾಯಗಳು, ಗಣಿಯ ಕೊಳಕು ಕೊಳಕ್ಕಿಳಿದು ಸಾಯುವ ಬಾತುಗಳು. ಅಷ್ಟರ ನಡುವೆಯೂ ಆಕೆ ಯಾರನ್ನೂ ಬರೀ ರಾಕ್ಷಸನನ್ನಾಗಿ ಬರೆಯುವುದಿಲ್ಲ. ಊರು ಬಿಟ್ಟ ಒಂಟಿತನ ಗಂಡಸರನ್ನು ಏನು ಮಾಡುತ್ತದೆ ಎಂಬುದನ್ನೂ ತೋರಿಸುತ್ತಾಳೆ. ಓದಿದರೆ ಹುಡುಗ ಮೈಸೂರು ಬಿಟ್ಟು ಮಂಡ್ಯಕ್ಕೂ ಹೋಗಲಾರ ಎಂಬುದು ನನ್ನ ಲೆಕ್ಕ.

ಅವನು ಒಂದೇ ರಾತ್ರಿಯಲ್ಲಿ ಓದಿದ. ಬೆಳಗ್ಗೆ ಫೋನು. ‘ಮಾಮಾ, ಸೂಪರ್ ಪುಸ್ತಕ. ಎರಡೇ ವರ್ಷದಲ್ಲಿ ಸಾಲ ಎಲ್ಲ ತೀರಿಸಿಬಿಟ್ಟಿದ್ದಾಳೆ! ಅಲ್ಲಿಗೆ ಅಪ್ಲೈ ಮಾಡೋದು ಹೇಗೆ?’ ಬೆನ್ನಿಗೇ ಅಕ್ಕನ ಫೋನು. ‘ಅವನ ತಲೆಗೆ ಏನು ತುಂಬಿದ್ದೀಯ ಮಾರಾಯ? ಬೆಳಗ್ಗೆಯಿಂದ ಉಣ್ಣೆ ಬನೀನು ಹುಡುಕ್ತಿದ್ದಾನೆ.’

ನಾಲ್ಕನೆಯದು ಮನೆಯೊಳಗೇ. ನನ್ನ ಅತ್ತೆಯವರು ನಮ್ಮಲ್ಲಿಗೆ ಬಂದಿದ್ದರು. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇದ್ದವರು, ಇಂಗ್ಲಿಷ್ ಸಲೀಸು. ಜಪಾನಿನ ಮಾಂಗಾ ಪುಸ್ತಕಗಳನ್ನು ಬಲದಿಂದ ಎಡಕ್ಕೆ ಓದಬೇಕು. ನಾವು ಕೊನೆ ಎಂದುಕೊಳ್ಳುವ ಪುಟವೇ ಅಲ್ಲಿ ಮೊದಲು. ಇದನ್ನು ಬಳಗದವರಿಗೆ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಕುತ್ತಿಗೆ ನೋವು ಬಂದಿತ್ತು. ಅತ್ತೆ ಮಾತ್ರ ಟೀಪಾಯಿಯ ಮೇಲಿದ್ದ ಪುಸ್ತಕ ಎತ್ತಿಕೊಂಡು, ಹಿಂದಿನಿಂದ ತೆರೆದು, ನಿರಾಳವಾಗಿ ಓದತೊಡಗಿದರು. ‘ಅತ್ತೆ, ನಿಮಗೆ ಹೇಗೆ ಗೊತ್ತಾಯ್ತು?’ ಎಂದೆ. ‘ಏನು ಗೊತ್ತಾಗೋದು? ನಾನು ವಾರಪತ್ರಿಕೆ ಓದೋದೇ ಕಡೇ ಪುಟದಿಂದ. ನಲವತ್ತು ವರ್ಷದಿಂದ ಹೀಗೇ’ ಎಂದರು.

ಅದು ಕೋಸುಕೆ ಓನೊ ಅವರ ‘ದಿ ವೇ ಆಫ್ ದಿ ಹೌಸ್‌ಹಸ್ಬೆಂಡ್’. 2018ರಲ್ಲಿ ಜಪಾನಿನಲ್ಲಿ ಶುರುವಾದದ್ದು. ತತ್ಸು ಎಂಬವನು ಯಾಕುಜಾ ಎಂಬ ಭೂಗತ ಗ್ಯಾಂಗುಗಳ ನಡುವೆ ಹೆಸರು ಕೇಳಿದರೆ ನಡುಗುವಂಥ ರೌಡಿ. ಮದುವೆಯಾದ ಮೇಲೆ ಎಲ್ಲ ಬಿಟ್ಟು ಮನೆವಾರ್ತೆಗೆ ನಿಂತಿದ್ದಾನೆ. ಹೆಂಡತಿ ಆಫೀಸಿಗೆ ಹೋಗುತ್ತಾಳೆ. ಇವನು ಕಪ್ಪು ಕನ್ನಡಕ, ಕಪ್ಪು ಸೂಟು, ಅದರ ಮೇಲೊಂದು ಏಪ್ರನ್ ತೊಟ್ಟು ಅವಳಿಗೆ ಬುತ್ತಿ ಕಟ್ಟುತ್ತಾನೆ. ರಿಯಾಯಿತಿ ಮಾರಾಟಕ್ಕೆ ಹೋಗುವಾಗ ಗ್ಯಾಂಗ್‌ವಾರಿಗೆ ಹೊರಟವನ ಮುಖಭಾವ. ಓದುತ್ತ ಓದುತ್ತ ಅತ್ತೆ ನಕ್ಕು ನಕ್ಕು ಕೆಮ್ಮಿದರು. ಮಗಳನ್ನು ಕರೆದು ತೋರಿಸಿದರು. ಮಗಳೂ ನಕ್ಕಳು. ಆಮೇಲೆ ಇಬ್ಬರೂ ನಗು ನಿಲ್ಲಿಸಿ, ಒಟ್ಟಿಗೆ, ನಿಧಾನವಾಗಿ, ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ ನನ್ನ ಕಡೆ ತಿರುಗಿದರು.

‘ನೋಡೇ, ರೌಡಿ ಕೂಡ...’ ಎಂದರು ಅತ್ತೆ. ವಾಕ್ಯ ಪೂರ್ತಿ ಮಾಡಲಿಲ್ಲ. ಮಾಡುವ ಅಗತ್ಯವೂ ಬೀಳಲಿಲ್ಲ. ಈಗ ಬೆಳಗಿನ ತಿಂಡಿ ನನ್ನ ಖಾತೆ. ಮೊದಲ ದಿನದ ದೋಸೆ ಕಾವಲಿಯನ್ನು ಬಿಟ್ಟು ಬರಲು ಒಪ್ಪದೆ ಕೂತಾಗ ಅತ್ತೆ ಎರಡನೇ ಸಂಪುಟ ಇದೆಯೇ ಎಂದು ವಿಚಾರಿಸಿದರು.

ಇಷ್ಟಾದರೂ ಚೀಲದಲ್ಲಿ ಇನ್ನೊಂದು ಉಳಿದಿತ್ತು. ‘ಭೀಮಾಯನ’. 2011ರಲ್ಲಿ ನವಯಾನ ಪ್ರಕಾಶನ ತಂದದ್ದು. ಅಂಬೇಡ್ಕರರ ಬದುಕಿನ ಕಥೆಗೆ ಮಧ್ಯಪ್ರದೇಶದ ಪರ್ಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ದಂಪತಿ ಚಿತ್ರ ಬರೆದಿದ್ದಾರೆ. ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರ ಬರಹ. ಸಾಮಾನ್ಯ ಕಾಮಿಕ್ಸಿನ ಚೌಕಗಳೇ ಇದರಲ್ಲಿ ಇಲ್ಲ. ಜನರನ್ನು ಡಬ್ಬಿಯೊಳಗೆ ತುರುಕುವುದಿಲ್ಲ ಎಂದು ಆ ದಂಪತಿ ಪಟ್ಟು ಹಿಡಿದರಂತೆ, ಪುಟವೆಲ್ಲ ಬಯಲು. ಎಲ್ಲಕ್ಕಿಂತ ಸೊಗಸು ಎಂದರೆ ಮಾತಿನ ಬುಗ್ಗೆಗಳು. ಒಳ್ಳೆಯ ಮಾತಾಡುವವರ ಬುಗ್ಗೆ ಹಕ್ಕಿಯ ಆಕಾರದಲ್ಲಿರುತ್ತದೆ. ಜಾತಿಯ ವಿಷ ಕಾರುವವರ ಬುಗ್ಗೆಗೆ ಚೇಳಿನ ಬಾಲ. ಮಾತನ್ನು ಓದುವ ಮೊದಲೇ ಕೊಂಡಿ ಕಾಣುತ್ತದೆ. ನೀರು, ಸೂರು, ಪ್ರಯಾಣ ಎಂದು ಮೂರು ಭಾಗ. ಶಾಲೆಯಲ್ಲಿ ಬಾಯಾರಿದ ಹುಡುಗ. ಕೊಲಂಬಿಯಾದಲ್ಲಿ ಓದಿ ಬಂದರೂ ಬರೋಡಾದಲ್ಲಿ ಬಾಡಿಗೆಗೆ ಒಂದು ಕೋಣೆ ಸಿಗದೆ ಪಾರ್ಸಿ ವಸತಿಗೃಹದಿಂದ ಹೊರಬಿದ್ದ ಯುವಕ.

ಪಕ್ಕದ ರಸ್ತೆಯ ಕಾಲೇಜು ಹುಡುಗಿ ಇದನ್ನು ಒಯ್ದಳು. ಎರಡನೇ ದಿನಕ್ಕೇ ತಂದುಕೊಟ್ಟು, ‘ಥ್ಯಾಂಕ್ಸ್ ಅಂಕಲ್, ತುಂಬಾ ಉಪಯೋಗ ಆಯ್ತು’ ಎಂದಳು. ಕಾದಂಬರಿಯನ್ನು ಯಾರಾದರೂ ‘ಉಪಯೋಗ’ ಎನ್ನುತ್ತಾರೆಯೇ ಎಂದು ಆಗಲೇ ನನಗೆ ಹೊಳೆಯಬೇಕಿತ್ತು.

ಮರುದಿನ ಪಾರ್ಕಿನ ಬಳಿ ಗುಂಪು. ‘ಬೆಂಚುಗಳು ನಿವಾಸಿಗಳಿಗೆ ಮಾತ್ರ. ಮನೆಗೆಲಸದವರು ಕೂರಬಾರದು’ ಎಂಬ ಫಲಕದ ಸುತ್ತ ಯಾರೋ ಸೀಮೆಸುಣ್ಣದಲ್ಲಿ ದುಂಡಗೆ ಬುಗ್ಗೆ ಬರೆದು, ಅದಕ್ಕೊಂದು ಚೇಳಿನ ಬಾಲ ಅಂಟಿಸಿದ್ದರು. ಕೊಂಡಿ ಚೆನ್ನಾಗಿ ಬಂದಿತ್ತು. ಜನ ಏನಿದು, ಯಾವ ಮಾಟ ಎಂದು ಗಾಬರಿಯಾಗಿದ್ದರು. ನನಗೋ ಹಬ್ಬ. ಬೆಂಚಿನ ಮೇಲೆ ಹತ್ತಿ ನಿಂತು ವ್ಯಾಮ್ ದಂಪತಿಯಿಂದ ಶುರುಮಾಡಿ, ಹಕ್ಕಿ ಯಾವುದು, ಚೇಳು ಯಾವುದು, ಒಂದು ಬಾಲ ಬರೆದರೆ ಹೇಗೆ ಸಭ್ಯವಾದ ಫಲಕವೊಂದು ಬಯಲಾಗುತ್ತದೆ ಎಂದು ವಿವರಿಸಿದೆ. ‘ಇದಪ್ಪಾ ಚಿತ್ರದ ಶಕ್ತಿ! ನಾಚಿಕೆ ಆಗಬೇಕು, ಇಂಥ ಫಲಕ ಹಾಕಿದವರಿಗೆ!’ ಎಂದು ಗುಡುಗಿದೆ.

ಪೇಪರ್ ಹಾಕುವ ಹುಡುಗ ಸೈಕಲ್ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡ. ಆಮೇಲೆ ಬಹಳ ವಿನಯದಿಂದ, ‘ಸಾರ್, ಇದೇ ಥರದ್ದು ನಿಮ್ಮ ಗೇಟಿನ ಹತ್ತಿರಾನೂ ಒಂದಿದೆ’ ಎಂದ.

ನಮ್ಮ ಗೇಟಿನ ಮೇಲೆ ನೇತುಹಾಕಿದ್ದು ಒಂದೇ ಒಂದು ಫಲಕ: ‘ಮೇಲ್ಮಹಡಿ ಮನೆ ಬಾಡಿಗೆಗೆ ಇದೆ. ಸಸ್ಯಾಹಾರಿಗಳಿಗೆ ಮಾತ್ರ.’ ನನ್ನದೇ ಕೈಬರಹ. ‘ಮಾತ್ರ’ದ ಕೆಳಗೆ ಇನ್ನೂ ಎರಡು ಗೆರೆ ಎಳೆದಿದ್ದೆ. ಆ ಗೆರೆಗಳಿಂದಲೇ ಬಾಲ ಹೊರಟಿತ್ತು. ಗುಂಪು ಪಾರ್ಕಿನಿಂದ ನಮ್ಮ ಮನೆಯವರೆಗೆ ನನ್ನ ಹಿಂದೆಯೇ ಬಂತು. ಭಾಷಣದ ಎರಡನೇ ಭಾಗ ಇರಬಹುದು ಎಂದುಕೊಂಡರೋ ಏನೋ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಫಲಕ ಓದಿ, ‘ಅಕ್ಷರದೋಷವೇನೂ ಇಲ್ಲ’ ಎಂದು ಪ್ರಮಾಣಪತ್ರ ಕೊಟ್ಟರು. ರಾಯರು ಬಹಳ ದಿನಗಳ ಮೇಲೆ ನನ್ನನ್ನು ನೋಡಿ ನಕ್ಕರು.

ಮಳೆಗೆ ಬಣ್ಣ ಹೋಗಿದೆ ಎಂಬ ನೆಪ ಹೇಳಿ ಅಂದೇ ಫಲಕ ಇಳಿಸಿ, ಎರಡನೇ ವಾಕ್ಯವಿಲ್ಲದ ಹೊಸದನ್ನು ತೂಗುಹಾಕಿದೆ. ಮಳೆ ಬಂದು ತಿಂಗಳುಗಳೇ ಆಗಿದ್ದವು. ಈಗ ಮೇಲಿರುವವರು ಕಾರವಾರದವರು. ಭಾನುವಾರ ಮಧ್ಯಾಹ್ನ ಮೆಟ್ಟಿಲಿಳಿದು ಮೀನಿನ ಘಮ ಬರುತ್ತದೆ. ಬಾಡಿಗೆ ಐದನೇ ತಾರೀಕಿನೊಳಗೆ ಬರುತ್ತದೆ. ಸಸ್ಯಾಹಾರಿಗಳ ಕಾಲದಲ್ಲಿ ಅದು ಇಪ್ಪತ್ತು ದಾಟುತ್ತಿತ್ತು.

ಒಟ್ಟಿನಲ್ಲಿ ನಾನು ಯಾರಿಗೆ ಏನು ನಾಟಲಿ ಎಂದು ಕೊಟ್ಟೆನೋ ಅದು ಯಾರಿಗೂ ನಾಟಲಿಲ್ಲ; ನಾಟಿದ್ದು ಬೇರೆ ಕಡೆ, ಇನ್ನೂ ಆಳಕ್ಕೆ. ಬಹುಮಾನಗಳ ಪಟ್ಟಿ ಯಾರಿಗೂ ಬೇಕಾಗಲಿಲ್ಲ. ಹೆಣ್ಣುಮಕ್ಕಳು ಬೆಲೆ ಚೀಟಿ ಹುಡುಕುತ್ತಲೋ ಟೀಪಾಯಿ ಒರೆಸುತ್ತಲೋ ಪುಸ್ತಕ ಎತ್ತಿಕೊಂಡು, ಅದನ್ನು ಬರೆದವರೇ ಮೆಚ್ಚುವಷ್ಟು ಚೆನ್ನಾಗಿ ಓದಿದರು. ಅದರ ಫಲ ಉಣ್ಣುವವರು ಮಾತ್ರ ನಾವು ಗಂಡಸರಾದೆವು. ಇನ್ನು ಶಿಫಾರಸಿನ ಸಹವಾಸ ಸಾಕು, ಪುಸ್ತಕ ಟೀಪಾಯಿಯ ಮೇಲಿಟ್ಟು ಬಾಯಿಗೆ ಬೀಗ ಹಾಕಿಕೊಳ್ಳೋಣ ಎಂದು ನಿರ್ಧರಿಸಿದೆ.

ಆಗ ಬಂದ, ರಾಯರ ಮೊಮ್ಮಗ. ಹೆಗಲ ಮೇಲೆ ‘ಮೌಸ್’ ಬದಲಿಗೆ ಸಿಕ್ಕ ಬ್ಯಾಟು, ಕೈಯಲ್ಲಿ ‘ಒನ್ ಪೀಸ್’ನ ಮೊದಲ ಸಂಪುಟ. ‘ತಾತ, ನಿಮಗೆ ಕಾಮಿಕ್ಸ್ ಅಂದ್ರೆ ಇಷ್ಟ ಅಂತ ಅಜ್ಜಿ ಹೇಳಿದ್ರು. ಇದು ಓದಿ. ಎಯಿಚಿರೋ ಓಡಾ ಬರೆದಿದ್ದು. 1997ರಲ್ಲಿ ಶುರುವಾಗಿದ್ದು, ಇನ್ನೂ ಬರ್ತಾನೇ ಇದೆ.’

‘ಎಷ್ಟಿದೆಯಪ್ಪ?’

‘ನೂರಕ್ಕಿಂತ ಜಾಸ್ತಿ ಪುಸ್ತಕ. ಮೊದಮೊದಲು ಸ್ವಲ್ಪ ನಿಧಾನ ಅನ್ಸುತ್ತೆ ತಾತ. ಆರ್ಲಾಂಗ್ ಪಾರ್ಕ್ ಬರೋವರೆಗೂ ಬಿಡಬೇಡಿ, ಆಮೇಲೆ ನೀವೇ ಬಿಡಲ್ಲ.’

ಪ್ರತಿ ಸಂಜೆ ಪಾರ್ಕಿನ ಗೇಟಿನಲ್ಲಿ ನಿಂತು ‘ಎಲ್ಲೀವರೆಗೆ ಬಂತು ತಾತ?’ ಎಂದು ಕೇಳತೊಡಗಿದ. ಬಳಗದವರು ಯಾವಾಗಲೂ ನನಗೆ ಕೊಡುತ್ತಿದ್ದ ಉತ್ತರವನ್ನೇ ಕೊಟ್ಟೆ: ‘ಅರ್ಧ ಆಯ್ತಪ್ಪ, ತುಂಬಾ ಚೆನ್ನಾಗಿದೆ.’ ಅವನು ಬಳಗದವರಷ್ಟು ಸಭ್ಯನಲ್ಲ. ‘ಹಾಗಾದ್ರೆ ಹೇಳಿ, ಲೂಫಿಗೆ ಆ ಹುಲ್ಲಿನ ಟೋಪಿ ಕೊಟ್ಟಿದ್ದು ಯಾರು?’

ರಕ್ಷಾಪುಟ ನೆನಪು ಮಾಡಿಕೊಂಡೆ. ಹುಡುಗ, ಟೋಪಿ, ದೋಣಿ. ‘ಅವರಮ್ಮ’ ಎಂದೆ.

‘ಶಾಂಕ್ಸ್! ಮೊದಲನೇ ಅಧ್ಯಾಯದಲ್ಲೇ ಇದೆ!’ ಎಂದು ಇಡೀ ಪಾರ್ಕಿಗೆ ಕೇಳುವಂತೆ ಕೂಗಿ, ಮೊದಲಿನಿಂದ ಓದಿಕೊಂಡು ಬರುವಂತೆ ಆಜ್ಞೆ ಮಾಡಿದ.

ಮರುದಿನದಿಂದ ನಾನು ಪಾರ್ಕಿಗೆ ಹಿಂದಿನ ಗೇಟಿನಿಂದ ಹೋಗತೊಡಗಿದೆ. ಅಲ್ಲಿ ಮುಳ್ಳುಬೇಲಿಯ ಪಕ್ಕದ ಇಕ್ಕಟ್ಟಿನಲ್ಲಿ ಮೇಷ್ಟ್ರು, ರಾಯರು, ಕಾರ್ಯದರ್ಶಿಗಳು, ಹೆಚ್ಚು ಕಡಿಮೆ ಅರ್ಧ ಬಳಗವೇ ವಾಕಿಂಗ್ ಮಾಡುತ್ತಿತ್ತು. ನನ್ನನ್ನು ಕಂಡು ಎಲ್ಲರೂ ಒಮ್ಮೆಲೇ ಬೆಚ್ಚಿಬಿದ್ದು, ಮೊದಲು ನನ್ನ ಹೆಗಲಿನ ಮೇಲೆ ಚೀಲ ಇದೆಯೇ ಎಂದು ನೋಡಿದರು.